ದೊಡ್ಡದು–ಚಿಕ್ಕದು ಕಲಿಸಲು ಕಪ್ಪೆ–ಎತ್ತಿನ ಕಥೆ ಸಾಕಾ? (3ರಿಂದ 5 ವರ್ಷದ ಮಕ್ಕಳಿಗೆ)

ಹೊಂಗೆನೆರಳು ಕೇಳಿದ ಪ್ರಶ್ನೆ

3ರಿಂದ 5 ವರ್ಷದ 18 ಮಕ್ಕಳು, ಒಂದೇ ಕೋಣೆ. ಮುಂದಿನ ತಿಂಗಳ ವಿಷಯ ‘ಪ್ರಾಣಿಗಳು’. ಪ್ರಾಣಿಗಳ ಕಥೆಯಿಂದಲೇ ಎರಡು ಕೆಲಸ ಆಗಬೇಕು. ದೊಡ್ಡದು–ಚಿಕ್ಕದು ಹೋಲಿಸುವುದು ಬರಬೇಕು, ಅದರ ಜೊತೆಗೇ ‘ನಾನೇ ದೊಡ್ಡವನು’ ಅನ್ನೋ ಜಂಬ ಸ್ವಲ್ಪ ಇಳಿಯಬೇಕು. ಕಪ್ಪೆ–ಎತ್ತು, ಸಿಂಹ–ಇಲಿ, ಆನೆ–ಗುಬ್ಬಚ್ಚಿ ಅಂತ ಮೂರು ಕಥೆ ಆರಿಸಿದ್ದೇನೆ.

ತೊಡಕು ಮೂರು. ಒಂದು: ಆನೆ ಕಾರ್ಡ್, ಇಲಿ ಕಾರ್ಡ್ ತೋರಿಸಿದರೆ ಎಲ್ಲರೂ ಸರಿಯಾಗಿ ಹೇಳುತ್ತಾರೆ. ನಾಯಿಯನ್ನು ಆನೆ ಪಕ್ಕ ಇಟ್ಟರೆ ‘ಚಿಕ್ಕದು’ ಅಂತಾರೆ, ಅದೂ ಸರಿ. ಆದರೆ ಅದೇ ನಾಯಿಯನ್ನು ಇಲಿ ಪಕ್ಕ ಇಟ್ಟರೂ ಅರ್ಧ ಮಕ್ಕಳು ‘ಚಿಕ್ಕದು’ ಅಂತಲೇ ಹೇಳುತ್ತಾರೆ. ಎರಡು: ಕಥೆ ಮುಗಿಸಿ ‘ಇದರ ನೀತಿ ಏನು?’ ಅಂದರೆ ಬರುವ ಉತ್ತರ ‘ಕಪ್ಪೆ ಸತ್ತೋಯ್ತು’, ಅಷ್ಟೇ. ಮೂರು: ಎತ್ತಿನಷ್ಟು ದೊಡ್ಡದಾಗಲು ಹೋಗಿ ಕಪ್ಪೆ ಉಬ್ಬುವುದನ್ನು ತೋರಿಸಲು ಹಸಿರು ಬಲೂನು ಊದಿ ಒಡೆಯಬಹುದಾ?

ಸಾಮಾನಿಗೆ 200 ರೂಪಾಯಿ ಮೀರುವ ಹಾಗಿಲ್ಲ.

ಅಳತೆಗೋಲು ಉತ್ತರ

ಮೊದಲನೆಯ ತೊಡಕು ಕಥೆಯದ್ದಲ್ಲ, ಭಾಷೆಯದ್ದು. ಕನ್ನಡದಲ್ಲಿ ಹೋಲಿಸುವಾಗ ‘ದೊಡ್ಡದು’ ಅನ್ನೋ ಪದ ಬದಲಾಗುವುದೇ ಇಲ್ಲ. ಹೋಲಿಕೆಯ ಭಾರವನ್ನೆಲ್ಲ ಹೊರುವುದು ‘ಗಿಂತ’, ಅದೂ ಇನ್ನೊಂದು ಪ್ರಾಣಿಯ ಹೆಸರಿಗೆ ಅಂಟಿಕೊಂಡು. ನಾವು ಕಾರ್ಡ್ ಎತ್ತಿ ‘ಯಾವುದು ದೊಡ್ಡದು?’ ಎಂದು ಕೇಳಿದಾಗ ಆ ‘ಗಿಂತ’ವನ್ನೇ ಬಿಟ್ಟಿರುತ್ತೇವೆ. ಮಗು ‘ದೊಡ್ಡದು’ ಎಂದರೆ ಆನೆಯ ಗುಣ, ಕಪ್ಪು ಬಣ್ಣ ಇದ್ದ ಹಾಗೆ, ಎಂದು ತಿಳಿಯುತ್ತದೆ. ನಾಯಿಗೆ ಒಮ್ಮೆ ‘ಚಿಕ್ಕದು’ ಎಂಬ ಚೀಟಿ ಅಂಟಿತೆಂದರೆ ಇಲಿ ಎದುರಿಗೂ ಅದು ಹೋಗದು.

ಆದ್ದರಿಂದ ಕಥೆಗೆ ಮುಂಚೆ ಒಂದು ವಾರ ಪೂರ್ತಿ ವಾಕ್ಯವನ್ನೇ ಆಡಿಸಿ: ‘ಇಲಿಗಿಂತ ನಾಯಿ ದೊಡ್ಡದು. ಆನೆಗಿಂತ ನಾಯಿ ಚಿಕ್ಕದು.’ ನಾಯಿ ನಡುವೆ ಅಲ್ಲಾಡದೆ ಇರಲಿ. ಎಡಗಡೆ ಇಲಿ, ಬಲಗಡೆ ಆನೆ ಬಂದು ಹೋಗಲಿ. ಮಗು ಬರೀ ‘ದೊಡ್ಡದು’ ಎಂದಾಗ ತಪ್ಪು ಅನ್ನಬೇಡಿ, ‘ಯಾವುದಕ್ಕಿಂತ?’ ಎಂದು ಕೇಳಿ. ತಿಂಗಳಿಡೀ ನಿಮ್ಮ ಬಾಯಲ್ಲಿ ಇರಬೇಕಾದ ಪ್ರಶ್ನೆ ಅದೊಂದೇ.

ಇನ್ನು ಕಾರ್ಡುಗಳು. ಅಂಗಡಿಯ ಕಾರ್ಡ್‌ನಲ್ಲಿ ಇಲಿಯೂ ಅಂಗೈಯಗಲ, ಆನೆಯೂ ಅಂಗೈಯಗಲ. ಆನೆ ದೊಡ್ಡದು ಎಂದು ಮಗು ಹೇಳುವುದು ಮೊದಲೇ ಕೇಳಿ ಗೊತ್ತಿರುವುದರಿಂದ, ನೋಡಿ ಹೋಲಿಸಿ ಅಲ್ಲ. ಒಂದೇ ಅಳತೆಯ ಲೆಕ್ಕದಲ್ಲಿ ನೀವೇ ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ನಿಜದ 1 ಅಡಿಗೆ ರಟ್ಟಿನ ಮೇಲೆ 3 ಸೆಂ.ಮೀ. ಎಂದು ಇಟ್ಟುಕೊಂಡರೆ ಎತ್ತರಗಳು ಹೀಗೆ ಬರುತ್ತವೆ: ಗಂಡಾನೆ 9 ಅಡಿ, 27 ಸೆಂ.ಮೀ.; ಎತ್ತು ನಾಲ್ಕೂವರೆ ಅಡಿ, ಹದಿಮೂರೂವರೆ ಸೆಂ.ಮೀ.; ನಾಲ್ಕು ವರ್ಷದ ಮಗು ಮೂರೂಕಾಲು ಅಡಿ, ಸುಮಾರು 10 ಸೆಂ.ಮೀ.; ದೊಡ್ಡ ಗೊಂಕರುಕಪ್ಪೆಯ ಮೈಯುದ್ದ ಅರ್ಧ ಅಡಿ, ಒಂದೂವರೆ ಸೆಂ.ಮೀ.; ಸುಂಡಿಲಿ ಬಾಲ ಬಿಟ್ಟು 3 ಅಂಗುಲ, ಮುಕ್ಕಾಲು ಸೆಂ.ಮೀ. ಆನೆಯನ್ನು ಪಕ್ಕದಿಂದ ಬರೆದರೆ ಎ4 ಹಾಳೆಯಲ್ಲಿ ಅಗಲ ಸಾಲುವುದಿಲ್ಲ, ಡ್ರಾಯಿಂಗ್ ಶೀಟ್ ಬೇಕು. ಕಪ್ಪೆ, ಇಲಿ ತುಂಬ ಪುಟ್ಟವಾದ್ದರಿಂದ ಬಿಡಿಯಾಗಿ ಕೊಡಬೇಡಿ, ಮೂಗಿಗೋ ಬಾಯಿಗೋ ಹೋಗುತ್ತವೆ. ಒಂದು ಗೇಣು ಉದ್ದದ ರಟ್ಟಿನ ಪಟ್ಟಿಯ ತುದಿಗೆ ಅಂಟಿಸಿ. ಮಗುವಿನ ಆಕೃತಿಯನ್ನು ಸೇರಿಸುವುದು ಮರೆಯಬೇಡಿ; ‘ನನಗಿಂತ’ ಅನ್ನುವುದು ಅಲ್ಲಿಂದಲೇ ಶುರು.

ಎಲ್ಲ ಆಕೃತಿಗಳ ಕಾಲೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಇದನ್ನು ಸಣ್ಣ ವಿಷಯ ಎಂದು ಬಿಡುವವರು ಹೆಚ್ಚು. ಈ ವಯಸ್ಸಿನ ಮಗು ತಲೆಯ ತುದಿ ಮಾತ್ರ ನೋಡುತ್ತದೆ, ಬುಡ ನೋಡುವುದಿಲ್ಲ. ಕುರ್ಚಿ ಹತ್ತಿದವನೇ ಎತ್ತರ ಎಂದು ವಾದಿಸುವುದೂ ಇದೇ ಕಾರಣಕ್ಕೆ. ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ, ಅಥವಾ ಮೇಜಿನ ಅಂಚಿಗೆ ಒರಗಿಸಿ.

ಸಾಮಾನು ಕೊಳ್ಳುವ ಮುಂಚೆ ಅಡುಗೆಮನೆ ನೋಡಿ. ಅಕ್ಕಿ–ಬೇಳೆ ಅಳೆಯುವ ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕು, ಐದೂ ಸಿಕ್ಕರೆ ಇದಕ್ಕಿಂತ ಒಳ್ಳೆಯ ಆಟದ ಸಾಮಾನು ಬೇರೆ ಬೇಡ. ಪ್ರತಿಯೊಂದೂ ಕೆಳಗಿನದರ ಎರಡರಷ್ಟು ಹಿಡಿಯುತ್ತದೆ, ಒಂದರೊಳಗೊಂದು ಕೂರುತ್ತದೆ. ತಪ್ಪು ಕ್ರಮದಲ್ಲಿ ಇಟ್ಟರೆ ಕೂರುವುದೇ ಇಲ್ಲ, ಹಾಗಾಗಿ ತಪ್ಪನ್ನು ನೀವು ಹೇಳಬೇಕಾಗಿಲ್ಲ, ಪಾವೇ ಹೇಳುತ್ತದೆ. ಅಂಚು ಹರಿತವಾಗಿದೆಯಾ ಎಂದು ಮಾತ್ರ ಬೆರಳಾಡಿಸಿ ನೋಡಿ. ಚನ್ನಪಟ್ಟಣದ ಅರಗಿನ ಬಣ್ಣದ ಬಳೆ ಗೋಪುರವೂ ಇದೇ ಕೆಲಸ ಮಾಡುತ್ತದೆ, ಆದರೆ ನಿಮ್ಮ 200 ರೂಪಾಯಿ ಅದೊಂದಕ್ಕೇ ಮುಗಿದುಹೋಗಬಹುದು.

ವಯಸ್ಸಿನ ಲೆಕ್ಕ: 3 ತುಂಬಿದವರಿಗೆ ಎರಡೇ ವಸ್ತು, ಒಂದು ಇನ್ನೊಂದರ ಎರಡು ಪಟ್ಟಾದರೂ ಇರಲಿ. 4ಕ್ಕೆ ಮೂರು ವಸ್ತು. 5ರ ಹೊತ್ತಿಗೆ ಐದನ್ನು ಸಾಲಾಗಿ ಇಡಬಲ್ಲರು, ಆದರೆ ಸಾಲು ಮುಗಿದ ಮೇಲೆ ಆರನೆಯದನ್ನು ಕೊಟ್ಟು ‘ಇದನ್ನು ಎಲ್ಲಿ ಸೇರಿಸ್ತೀಯ?’ ಎಂದರೆ ಬಹಳಷ್ಟು ಮಕ್ಕಳು ಕೊನೆಗೆ ಇಟ್ಟುಬಿಡುತ್ತಾರೆ, ಇಲ್ಲವೇ ಸಾಲನ್ನೇ ಕೆಡಿಸಿ ಮೊದಲಿಂದ ಕಟ್ಟುತ್ತಾರೆ. ಅದು ಹಿನ್ನಡೆ ಅಲ್ಲ, ಆ ವಯಸ್ಸೇ ಹಾಗೆ. ನಡುವೆ ಸೇರಿಸುವುದು ಸಲೀಸಾಗುವುದು ಸುಮಾರು 7ರ ಹೊತ್ತಿಗೆ.

ಪದಗಳ ಬಗ್ಗೆ ಒಂದು ಮಾತು. ‘ಸಣ್ಣ’ ಎಂದರೆ ಕೆಲವು ಮನೆಗಳಲ್ಲಿ ಚಿಕ್ಕದು, ಕೆಲವು ಮನೆಗಳಲ್ಲಿ ತೆಳ್ಳಗೆ. ‘ಉದ್ದ’ ಎಂದರೆ ಹಾವಿನ ಉದ್ದವೂ ಹೌದು, ಅಣ್ಣನ ಎತ್ತರವೂ ಹೌದು. ಮೊದಲ ವಾರ ‘ದೊಡ್ಡದು–ಚಿಕ್ಕದು’ ಸಾಕು. ಎತ್ತರ, ಉದ್ದ, ದಪ್ಪ ಆಮೇಲೆ ಬೇರೆ ಬೇರೆಯಾಗಿ ಬರಲಿ. ಹಾವನ್ನೂ ಹಂದಿಯನ್ನೂ ಪಕ್ಕಪಕ್ಕ ಇಟ್ಟು ‘ಯಾವುದು ದೊಡ್ಡದು?’ ಎಂದು ಕೇಳಿದರೆ ಉತ್ತರ ನಮಗೇ ಗೊತ್ತಿರುವುದಿಲ್ಲ.

ಮಲಪ್ರಭಾ_ದಂಡಿ ಉತ್ತರ

ಬಲೂನ್ ಮಾತ್ರ ಬ್ಯಾಡ್ರಿ ಅಕ್ಕಾರ. ಒಡದ ಬಲೂನಿನ ತುಣುಕು ಹುಡುಗರು ಬಾಯಾಗ ಇಟ್ಕೊಂಡು ಜಗ್ಗತಾವ, ಗಂಟಲಕ್ಕ ಹೋಗಿ ಅಂಟಿ ಕುಂತ್ರ ಉಸುರು ಕಟ್ಟತೈತಿ, ತಗ್ಯಾಕೂ ಬರಂಗಿಲ್ಲ. 8 ವರ್ಷದ ಒಳಗಿನ ಹುಡುಗರಿಗೆ ಊದದ ಬಲೂನೂ ಅಪಾಯ, ಒಡದಿದ್ದೂ ಅಪಾಯ. ಮ್ಯಾಲ ‘ಢಬ್’ ಅಂದ ಕೂಡ್ಲೆ ಮೂರು ವರ್ಷದವು ನಾಕು ಅಳಾಕ ಹತ್ತತಾವ. ಆಮ್ಯಾಲ ಎತ್ತೂ ಇಲ್ಲ, ಕಪ್ಪಿನೂ ಇಲ್ಲ.

ಅದರ ಬದ್ಲಿ ಕಿರಾಣಿ ಅಂಗಡಿ ಕಾಗದದ ಚೀಲ ತಗೋರಿ. ಪ್ಲಾಸ್ಟಿಕ್ ಚೀಲ ಅಲ್ಲ ಮತ್ತ. ಎರಡು ಕಣ್ಣು, ಒಂದು ಅಗಲ ಬಾಯಿ ಬರೀರಿ, ಮುದ್ದಿ ಮಾಡಿ ಕೈಯಾಗ ಹಿಡಕೋರಿ. ಒಮ್ಮೆ ಊದಿದ್ರ ಅರ್ಧ ಬಿಚ್ಚತೈತಿ. ಇನ್ನೊಮ್ಮೆ ಊದಿದ್ರ ಪೂರಾ ತುಂಬತೈತಿ. ಮೂರನೇ ಸರ್ತಿ ಎಷ್ಟ ಊದಿದ್ರೂ ಏನೂ ಆಗಂಗಿಲ್ಲ, ಗಾಳಿ ಬಾಜೂದಿಂದ ಹೊರಗ ಬರತೈತಿ. ಚೀಲ ಚೀಲದಷ್ಟ ಆಗತೈತಿ, ಎತ್ತಿನಷ್ಟ ಆಗಂಗಿಲ್ಲ. ಹುಡುಗರು ಅದನ್ನ ಕಣ್ಣಾರೆ ನೋಡತಾವ. ಊದೂದು ನೀವ ಊದ್ರಿ, ಒಂದ ಚೀಲ ಹತ್ತು ಬಾಯಿಗೆ ಹೋಗೂದು ಬ್ಯಾಡ.

ದೊಡ್ಡ ಆಟ ಬೇಕಂದ್ರ ಹಗ್ಗದ್ದು ಮಾಡ್ರಿ. 6 ಮೀಟರ್ ನೂಲಿನ ಹಗ್ಗ, ತುದಿ ಎರಡೂ ಕೂಡಿಸಿ ಗಂಟು. ಅಂಗಳದಾಗ ಸೀಮೆಸುಣ್ಣದಿಂದ ಎತ್ತಿನ ಚಿತ್ರ, ಮೂತಿಯಿಂದ ಬಾಲದ ಬುಡದ ತನಾ 7 ಅಡಿ. ಒಂದ ಸಲಕ್ಕ ಒಂಬತ್ತ ಹುಡುಗರು ಹಗ್ಗ ಹಿಡದು ಒತ್ತೊತ್ತಿಗೆ ನಿಲ್ಲಲಿ, ಅದು ಕಪ್ಪಿ. ‘ಇಷ್ಟು ದೊಡ್ಡದೇನು?’ ಅಂದಾಗ ಒಂದ ಹೆಜ್ಜಿ ಹಿಂದ. ಮತ್ತ ಕೇಳಿದಾಗ ಮತ್ತೊಂದು. ಹಗ್ಗ ಬಿಗಿ ಆದ ಮ್ಯಾಲ ಹಿಂದ ಹೋಗಾಕ ಜಾಗಾನ ಇಲ್ಲ. ಆಗ ದುಂಡು ಸುಮಾರು 6 ಅಡಿ ಅಗಲ ಆಗತೈತಿ, ಎತ್ತು ಇನ್ನೂ ಉದ್ದಾನ ಇರತೈತಿ. ಹಂಗs ಎತ್ತಿಕೊಂಡು ಹೋಗಿ ಚಿತ್ರದ ಮ್ಯಾಲ ನಿಲ್ಲಸ್ರಿ, ಮೂತಿ ಇಲ್ಲಾ ಬಾಲ ಹೊರಗ ಉಳೀತೈತಿ.

ಮೊದಲಿಗೆ ಸಡ್ಲ ಹಗ್ಗ ನೆಲದ ಮ್ಯಾಲ ಬಿದ್ದು ಕಾಲಿಗೆ ತೊಡರತೈತಿ. ನೀವು ನಡುವ ನಿಂತು ಅದನ್ನ ಕೈಯಾಗ ಸುತ್ತಿ ಹಿಡಕೋರಿ, ಹುಡುಗರು ಹಿಂದ ಸರದಂಗ ಬಿಟ್ಕೊಂತ ಹೋಗ್ರಿ. ಸೊಂಟಕ್ಕ, ಕೊಳ್ಳಿಗೆ ಹಗ್ಗ ಸುತ್ತೂದು ಬ್ಯಾಡ, ಕೈಯಾಗ ಅಷ್ಟ.

ಕಥೆಕಣಜ ಉತ್ತರ

ಮೂರು ಕಥೆಗಳಲ್ಲಿ ಒಂದನ್ನು ಕೈಬಿಡಿ, ಒಂದನ್ನು ಬೇರೆ ಥರ ಹೇಳಿ.

ಕೈಬಿಡಬೇಕಾದ್ದು ಆನೆ–ಗುಬ್ಬಚ್ಚಿ. ಪಂಚತಂತ್ರದ ಕಥೆ ಪೂರ್ತಿ ನೋಡಿ: ಮೊಟ್ಟೆ ಒಡೆದ ಆನೆಯ ಕಣ್ಣನ್ನು ಮರಕುಟಿಗ ಕುಕ್ಕುತ್ತದೆ, ಕಪ್ಪೆ ವಟಗುಟ್ಟಿ ಅದನ್ನು ಹಳ್ಳಕ್ಕೆ ಬೀಳಿಸುತ್ತದೆ. ಅದು ಸೇಡಿನ ಕಥೆ. ಮೊಲ ಸಿಂಹವನ್ನು ಬಾವಿಗೆ ಹಾರಿಸುವುದೂ ಅಷ್ಟೇ, ಜಾಣತನಕ್ಕೆ ಸರಿ, ವಿನಯಕ್ಕೆ ಅಲ್ಲ. ‘ಚಿಕ್ಕವರು ದೊಡ್ಡವರನ್ನು ಸೋಲಿಸಿದರು’ ಅನ್ನುವ ಕಥೆಯಿಂದ ಮಗು ಕಲಿಯುವುದು ಗೆಲ್ಲುವ ಖುಷಿ. ಜಂಬ ಆನೆಯಿಂದ ಗುಬ್ಬಚ್ಚಿಗೆ ವರ್ಗವಾಗುತ್ತದೆ, ಅಷ್ಟೇ. ಆಮೆ–ಮೊಲವನ್ನೂ ಇದರ ಜೊತೆ ಸೇರಿಸುತ್ತಾರೆ, ಅದು ವೇಗದ ಕಥೆ, ಗಾತ್ರದ್ದಲ್ಲ.

ಕಪ್ಪೆ–ಎತ್ತಿಗೆ ಎರಡು ರೂಪ ಇದೆ. ಒಂದರಲ್ಲಿ ಕಪ್ಪೆಯೇ ಎತ್ತನ್ನು ನೋಡಿ ಕರುಬುತ್ತದೆ. ಇನ್ನೊಂದರಲ್ಲಿ ಮರಿಕಪ್ಪೆ ನೋಡಿಕೊಂಡು ಬಂದು ಹೇಳುತ್ತದೆ, ಅಮ್ಮನಿಗೆ ಎತ್ತು ಹೇಗಿರುತ್ತದೆಂದೇ ಗೊತ್ತಿಲ್ಲ. ನಿಮಗೆ ಬೇಕಾದ್ದು ಎರಡನೆಯದು. ಯಾಕೆಂದರೆ ಅದರ ತಿರುಳೇ ಹೋಲಿಕೆ:

‘ಇಷ್ಟು ದೊಡ್ಡದಾ?’
‘ಇಲ್ಲಮ್ಮ, ಇನ್ನೂ ದೊಡ್ಡದು!’
‘ಇಷ್ಟಾ?’
‘ಊಹೂಂ, ಇನ್ನೂ, ಇನ್ನೂ!’

ಅಮ್ಮನ ಮಾತು ನಿಮ್ಮದು, ಮರಿಯ ಮಾತು ಮಕ್ಕಳದ್ದು. ಮೂರೇ ಸಲ. ನಾಲ್ಕನೇ ಸಲಕ್ಕೆ ಗುಂಪು ಚದುರುತ್ತದೆ. ಪ್ರತಿ ಸಲ ಊದಿದ ಮೇಲೆ ನಿಲ್ಲಿಸಿ, ರಟ್ಟಿನ ಎತ್ತಿನ ಪಕ್ಕ ಕೈಯಳತೆ ತೋರಿಸಿ, ‘ಈಗ ಯಾವುದಕ್ಕಿಂತ ಯಾವುದು ದೊಡ್ಡದು?’ ಎಂದು ಕೇಳಿ. ಇಡೀ ಕಥೆ 6–7 ನಿಮಿಷ ಮೀರದಿರಲಿ.

ಇಷ್ಟರ ಮೇಲೂ ನಿಮ್ಮ ಎರಡು ಗುರಿಗೂ ಒಟ್ಟಿಗೆ ಹೊಂದುವ ಕಥೆ ಬೇರೆ ಇದೆ. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳಲ್ಲಿ 37ನೆಯದು, ತಿತ್ತಿರ ಜಾತಕ. ಆನೆ, ಕೋತಿ, ಗೌಜಲ ಹಕ್ಕಿ ಒಂದು ಆಲದ ಮರದ ಹತ್ತಿರ ಇರುತ್ತವೆ. ನಮ್ಮಲ್ಲಿ ಯಾರು ದೊಡ್ಡವರು ಎಂಬ ಮಾತು ಬರುತ್ತದೆ. ಆನೆ ಹೇಳುತ್ತದೆ: ನಾನು ಮರಿಯಾಗಿದ್ದಾಗ ಈ ಮರ ಒಂದು ಪೊದೆ, ಅದರ ಮೇಲೆ ನಡೆದರೆ ತುದಿ ನನ್ನ ಹೊಟ್ಟೆಗೆ ತಾಗುತ್ತಿತ್ತು. ಕೋತಿ: ನಾನು ಮರಿಯಾಗಿದ್ದಾಗ ನೆಲದ ಮೇಲೆ ಕೂತು ಕತ್ತು ಚಾಚಿ ಇದರ ತುದಿಯ ಚಿಗುರು ತಿನ್ನುತ್ತಿದ್ದೆ. ಹಕ್ಕಿ: ಅಲ್ಲೆಲ್ಲೋ ಇದ್ದ ಆಲದ ಹಣ್ಣು ತಿಂದು ನಾನು ಇಲ್ಲಿ ಹಿಕ್ಕೆ ಹಾಕಿದೆ, ಆ ಬೀಜವೇ ಈ ಮರ. ಆನೆ, ಕೋತಿ ಎರಡೂ ಹಕ್ಕಿಗೆ ನಮಸ್ಕರಿಸುತ್ತವೆ.

ಈ ಕಥೆ ಕನ್ನಡದಲ್ಲಿ ಹೇಳುವುದಕ್ಕೇ ಹುಟ್ಟಿದ ಹಾಗಿದೆ. ನಮ್ಮ ‘ದೊಡ್ಡವರು’ ಗಾತ್ರಕ್ಕೂ ಸಲ್ಲುತ್ತದೆ, ವಯಸ್ಸಿಗೂ ಸಲ್ಲುತ್ತದೆ. ಚಿಕ್ಕಪ್ಪ ದೊಡ್ಡಪ್ಪನಿಗಿಂತ ಎತ್ತರ ಇರಬಹುದು, ಆದರೂ ಚಿಕ್ಕಪ್ಪನೇ. ಮಕ್ಕಳು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ, ಆ ಗಲಿಬಿಲಿಯೇ ಪಾಠ. ‘ಮೈಯಲ್ಲಿ ಯಾರು ದೊಡ್ಡವರು? ಮೊದಲು ಬಂದವರು ಯಾರು?’ ಎಂದು ಎರಡು ಪ್ರಶ್ನೆ ಬೇರೆ ಮಾಡಿ. ಮೊದಲನೆಯದಕ್ಕೆ ಆನೆ, ಎರಡನೆಯದಕ್ಕೆ ಹಕ್ಕಿ. ಯಾರೂ ಸೋಲಲಿಲ್ಲ, ಯಾರೂ ಸಾಯಲಿಲ್ಲ. ಪ್ರಶ್ನೆ ಬದಲಾಯಿತು, ಉತ್ತರ ಬದಲಾಯಿತು.

ತೋರಿಸುವ ವಿಧಾನ: ಮರದ ಮೂರು ರಟ್ಟು. ಮೊದಲನೆಯದು ಬರೀ ಒಂದು ಚುಕ್ಕೆ, ಬೀಜ. ಎರಡನೆಯದು ಕೂತ ಮರಿಕೋತಿಯ ಮೂತಿಯ ಎತ್ತರ. ಮೂರನೆಯದು ಮರಿಯಾನೆಯ ಹೊಟ್ಟೆಯ ಎತ್ತರ. ಇವನ್ನು ಮೂರು ರಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಆಯಾ ಪ್ರಾಣಿ ಮಾತಾಡಿದಾಗ ತೆಗೆಯಿರಿ. ಈಗಿನ ದೊಡ್ಡ ಮರವನ್ನು ಗೋಡೆಗೆ ಮೊದಲೇ ಅಂಟಿಸಿರಿ. ಟಿಬೆಟ್, ಭೂತಾನ್ ಕಡೆಯ ಚಿತ್ರಗಳಲ್ಲಿ ಇದೇ ಕಥೆಗೆ ಮೊಲವೊಂದು ಸೇರಿ ನಾಲ್ಕು ಪ್ರಾಣಿ ಒಂದರ ಬೆನ್ನ ಮೇಲೊಂದು ನಿಂತಿರುತ್ತವೆ, ಕೆಳಗೆ ಆನೆ, ಮೇಲೆ ಹಕ್ಕಿ. ಆ ಗೋಪುರವನ್ನು ಮಕ್ಕಳ ಕೈಲಿ ಕಟ್ಟಿಸಬಹುದು, ದೊಡ್ಡದು ಬುಡಕ್ಕೆ ಬರದಿದ್ದರೆ ನಿಲ್ಲುವುದಿಲ್ಲ. ಬೆಂಗಳೂರಿನ ಹತ್ತಿರದವರಾದರೆ ಕೇತೋಹಳ್ಳಿಯ ದೊಡ್ಡ ಆಲದ ಮರದ ಫೋಟೋ ತೋರಿಸಿ. ಸುಮಾರು 3 ಎಕರೆ ಹರಡಿದೆ. ಆಲದ ಹಣ್ಣು ಒಡೆದು ಬೀಜವನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಪಕ್ಕಕ್ಕೆ ಸಾಸಿವೆ ಇಡಿ. ಯಾವುದಕ್ಕಿಂತ ಯಾವುದು ಚಿಕ್ಕದು ಎಂದು ಅವರೇ ಕೂಗುತ್ತಾರೆ.

ಅಳತೆಗೋಲು ಉತ್ತರ

ಕಥೆಕಣಜ ಅವರ ಆಯ್ಕೆ ಚೆನ್ನಾಗಿದೆ, ಒಂದು ತಕರಾರು. ಗಾತ್ರ ಮತ್ತು ವಯಸ್ಸು ಎರಡನ್ನೂ ಒಂದೇ ದಿನ ತಂದರೆ 3 ವರ್ಷದವರಿಗೆ ಎರಡೂ ಕೈತಪ್ಪುತ್ತವೆ. ಮೇಲಿಂದ ಇಲ್ಲಿ ಮರ ಚಿಕ್ಕದಾದಷ್ಟೂ ಹೇಳಿದ ಪ್ರಾಣಿ ಹಿರಿಯದು, ಅಂದರೆ ಲೆಕ್ಕ ತಿರುವು ಮುರುವು. ಅದು 5 ತುಂಬಿದವರಿಗೆ ಕೂಡ ಒಂದೇ ಸಲಕ್ಕೆ ಹಿಡಿಯದು. ‘ಗಿಂತ’ ವಾಕ್ಯದ ವಾರ ಮುಗಿದ ಮೇಲೆ ಎರಡು ವಾರ ಕಪ್ಪೆ–ಎತ್ತು, ಸಿಂಹ–ಇಲಿ ಹೇಳಿ. ಆಲದ ಮರ ಕೊನೆಯ ವಾರಕ್ಕಿರಲಿ. ಚಿಕ್ಕವರು ಆ ಹೊತ್ತಿಗೆ ಗೋಪುರ ಕಟ್ಟಿಕೊಂಡಿರಲಿ, ಸಾಕು.

ಹೊಂಗೆನೆರಳು

ಎಲ್ಲರಿಗೂ ಧನ್ಯವಾದ. ಬಲೂನು ಬಿಟ್ಟೆ. ಎರಡು ಸಂದೇಹ ಉಳಿದಿದೆ. ಕಪ್ಪೆ ಸಾಯುವುದನ್ನು ಹೇಳಬೇಕಾ, ಬದಲಿಸಬೇಕಾ? ಮತ್ತೆ ವಿನಯ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ‘ಜಂಬ ಪಡಬಾರದು’ ಎಂದು ಗಿಣಿಪಾಠ ಒಪ್ಪಿಸಿದ ಮಗುವೇ ಎರಡು ನಿಮಿಷಕ್ಕೆ ‘ನಾನೇ ಫಸ್ಟು, ನೀನು ವೇಸ್ಟು’ ಅನ್ನುತ್ತದೆ.

ತೊಟ್ಟಿಲುಕಂಬ ಉತ್ತರ

ಎರಡನೆಯದರಿಂದ ಶುರು ಮಾಡೋಣ ಮೇಡಂ, ಅದೇ ಮುಖ್ಯ.

ನಾಲ್ಕು ವರ್ಷದ ಮಗು ‘ನಾನು ಆನೆಗಿಂತ ಜೋರಾಗಿ ಓಡ್ತೀನಿ’ ಅಂದರೆ ಅದು ಜಂಬವಲ್ಲ. ಈ ವಯಸ್ಸಿನವರು ತಮ್ಮ ಕೈಲಾಗುವುದನ್ನು ಇದ್ದದ್ದಕ್ಕಿಂತ ಹೆಚ್ಚೇ ಅಂದಾಜು ಮಾಡುತ್ತಾರೆ, ಆ ಧೈರ್ಯದಿಂದಲೇ ಹೊಸದಕ್ಕೆ ಕೈಹಾಕುತ್ತಾರೆ. ಅದನ್ನು ಇಳಿಸುವುದು ನಿಮ್ಮ ಗುರಿಯಾಗಬಾರದು. ಇನ್ನೊಬ್ಬರ ಕೈಲಾಗುವುದೂ ಕಣ್ಣಿಗೆ ಬೀಳುವಂತೆ ಮಾಡಿದರೆ ಆಯಿತು.

ಹಾಗಾಗಿ ‘ನೀತಿ ಏನು?’ ಎಂಬ ಪ್ರಶ್ನೆಯನ್ನೇ ಬಿಡಿ. ‘ಉಬ್ಬೋಕೆ ಮುಂಚೆ ಕಪ್ಪೆಗೆ ಏನೇನು ಬರ್ತಿತ್ತು?’ ಎಂದು ಕೇಳಿ: ಜಿಗಿಯುವುದು, ಈಜುವುದು, ವಟಗುಟ್ಟುವುದು. ‘ಎತ್ತಿಗೆ ಅದು ಬರುತ್ತಾ?’ ‘ಎತ್ತಿಗೆ ಏನು ಬರುತ್ತೆ?’ ಗಾಡಿ ಎಳೆಯುವುದು. ‘ಕಪ್ಪೆಗೆ ಬರುತ್ತಾ?’ ಇಷ್ಟರಲ್ಲಿ ಮಕ್ಕಳು ತಾವೇ ನಗುತ್ತಾರೆ. ಈ ನಾಲ್ಕು ಪ್ರಶ್ನೆ ಬಿಟ್ಟು ಕಥೆ ಹೇಳಿದರೆ ಉಳಿಯುವ ಅರ್ಥ ಕೆಟ್ಟದ್ದು: ‘ಚಿಕ್ಕವನು ಚಿಕ್ಕವನಾಗಿಯೇ ಇರು, ದೊಡ್ಡವರ ಸರಿಸಮ ಆಗಲು ಹೋಗಬೇಡ’. ಮನೆಯಲ್ಲಿ, ಬೀದಿಯಲ್ಲಿ ಈ ಮಾತನ್ನು ಈಗಾಗಲೇ ಕೇಳಿಸಿಕೊಳ್ಳುವ ಮಕ್ಕಳು ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾರೆ. ವಿನಯದ ಹೆಸರಲ್ಲಿ ಅದನ್ನು ಮತ್ತೊಮ್ಮೆ ಹೇಳಿಕೊಡುವುದು ಬೇಡ.

‘ನಾನೇ ದೊಡ್ಡವನು’ ಅಂದವನಿಗೆ ‘ಯಾರಿಗಿಂತ?’ ಎಂದು ಎಸೆಯಲೂಬೇಡಿ. ಪ್ರಾಣಿಗಳಿಗೆ ಅದು ಪ್ರಶ್ನೆ, ಮಗುವಿಗೆ ಅದು ಚುಚ್ಚು. ‘ಯಾವುದರಲ್ಲಿ?’ ಎಂದು ಕೇಳಿ. ‘ಓಡೋದ್ರಲ್ಲಿ’ ಅನ್ನುತ್ತಾನೆ. ‘ಸರಿ, ಗುಂಡಿ ಹಾಕೋದ್ರಲ್ಲಿ ಯಾರು?’ ಅಂದರೆ ಪಕ್ಕದವಳನ್ನು ತೋರಿಸುತ್ತಾನೆ. ಅಷ್ಟು ಸಾಕು.

ಬಂತೋ ಇಲ್ಲವೋ ತಿಳಿಯಲು ಬಾಯಿಪಾಠ ನೋಡಬೇಡಿ, ಒಂದು ವಾರ ಮೂರೇ ಸಂಗತಿ ಗುರುತು ಹಾಕಿಕೊಳ್ಳಿ: ‘ನನಗೆ ಆಗ್ತಿಲ್ಲ, ಮಾಡಿಕೊಡು’ ಎಂದು ಇನ್ನೊಂದು ಮಗುವನ್ನು ಕೇಳಿತಾ, ತನ್ನ ಸರದಿಗೆ ಕಾದಿತಾ, ಇನ್ನೊಬ್ಬರು ಮಾಡಿದ್ದನ್ನು ಯಾರೂ ಹೇಳಿಕೊಡದೆಯೇ ಮೆಚ್ಚಿತಾ. ತಿಂಗಳ ಮೊದಲ ವಾರ ಒಮ್ಮೆ, ಕೊನೆಯ ವಾರ ಒಮ್ಮೆ. ‘ನಂಗೇನೂ ಬರಲ್ಲ ಮಿಸ್’ ಎಂದು ತಲೆ ತಗ್ಗಿಸುವುದನ್ನು ವಿನಯದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಅಂಥ ಮಗುವಿಗೆ ಬೇಕಾದ್ದು ಈ ಕಥೆಯಲ್ಲ, ಸಿಂಹ–ಇಲಿ.

ಮಕ್ಕಳನ್ನೇ ಎತ್ತರದ ಸಾಲಿನಲ್ಲಿ ನಿಲ್ಲಿಸಿ ಹೋಲಿಸುವ ಚಟುವಟಿಕೆ ಪುಸ್ತಕಗಳಲ್ಲಿ ಇರುತ್ತದೆ. ಮಾಡಬೇಡಿ. ‘ಕುಳ್ಳ’, ‘ಡುಮ್ಮಿ’ ಅನ್ನುವ ಹೆಸರುಗಳು ಅಲ್ಲೇ ಹುಟ್ಟುತ್ತವೆ, ಶಾಲೆ ಮುಗಿಯುವ ತನಕ ಹೋಗುವುದಿಲ್ಲ. ಅಂಗನವಾಡಿಯಾದರೆ ಪ್ರತಿ ತಿಂಗಳು ತೂಕ, ಎತ್ತರ ತೆಗೆಯುತ್ತೀರಿ. ಆ ಅಂಕಿಯನ್ನು ಗಟ್ಟಿಯಾಗಿ ಓದಬಾರದು. ಹೋಲಿಸಲೇಬೇಕೆಂದರೆ ಮಗುವನ್ನು ಅದರದ್ದೇ ಹಳೆಯ ಅಳತೆಯ ಜೊತೆ ಹೋಲಿಸಿ. ಮಗುವಿನ ಎತ್ತರಕ್ಕೆ ಒಂದು ದಾರ ಕತ್ತರಿಸಿ ಹೆಸರು ಬರೆದಿಡಿ, ನಾಲ್ಕು ತಿಂಗಳ ನಂತರ ಇನ್ನೊಂದು. ಒಂದು ತಿಂಗಳಿಗೆ ಅಳೆದರೆ ವ್ಯತ್ಯಾಸ ಅರ್ಧ ಸೆಂ.ಮೀ. ಆಸುಪಾಸು, ಕಣ್ಣಿಗೆ ಕಾಣುವುದಿಲ್ಲ.

ಇನ್ನು ಕಪ್ಪೆಯ ಸಾವು. 3–4 ವರ್ಷದವರಿಗೆ ಮೂರನೇ ಸಲ ಊದಿದ ಮೇಲೆ ‘ಉಸ್ಸಪ್ಪಾ!’ ಎಂದು ಗಾಳಿ ಬಿಡಿಸಿ ಕೂರಿಸಿ. ಇದು ಸುಳ್ಳೂ ಅಲ್ಲ. ನಿಜವಾದ ಕಪ್ಪೆಗಳಲ್ಲೂ ಕೆಲವು ಹಾವು ಬಂದಾಗ ಮೈ ಉಬ್ಬಿಸಿಕೊಳ್ಳುತ್ತವೆ, ಒಡೆಯುವುದಿಲ್ಲ.

ಕಥೆಕಣಜ ಉತ್ತರ

ಕೊನೆ ಬದಲಿಸುವುದಕ್ಕೆ ನನ್ನ ಒಪ್ಪಿಗೆ ಅರ್ಧ. 3–4ರವರಿಗೆ ಸರಿ. 5 ತುಂಬಿದವರಲ್ಲಿ ಕೆಲವರು ಮನೆಯಲ್ಲಿ ಒಡೆದ ಕಪ್ಪೆಯನ್ನೇ ಕೇಳಿರುತ್ತಾರೆ, ‘ಮಿಸ್, ಅದು ಸತ್ತೋಗುತ್ತೆ’ ಎಂದು ತಿದ್ದುತ್ತಾರೆ. ಆಗ ಇಲ್ಲ ಅನ್ನಬೇಡಿ, ‘ನಿನ್ನ ಕಥೆಯಲ್ಲಿ ಹಾಗೆ, ನನ್ನ ಕಥೆಯಲ್ಲಿ ಹೀಗೆ’ ಎಂದು ಮುಂದೆ ಹೋಗಿ.

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಯನ್ನು ಗೋಡೆಗೆ ಬರೆಯುವ ಆಸೆ ಬರುತ್ತದೆ. ಈ ವಯಸ್ಸಿಗೆ ಕೀರ್ತಿ ಎಂದರೆ ಪಕ್ಕದ ಮನೆಯ ಅಕ್ಕನ ಹೆಸರು.

ಅಳತೆಗೋಲು ಉತ್ತರ

ಸಿಂಹ–ಇಲಿಗೆ ಬೇಕಾದ ಚಟುವಟಿಕೆ ಇನ್ನೂ ಯಾರೂ ಹೇಳಿಲ್ಲ. ಇಲಿ ಬಲೆ ಕಡಿದದ್ದನ್ನು ‘ಪಾಪ, ಸಹಾಯ ಮಾಡಿತು’ ಎಂದು ಹೇಳಿ ಮುಗಿಸಿದರೆ ಗಾತ್ರದ ಮಾತು ಬಿಟ್ಟುಹೋಗುತ್ತದೆ. ಅಲ್ಲಿ ಇಲಿ ಚಿಕ್ಕದಾಗಿರುವುದೇ ಕೆಲಸಕ್ಕೆ ಬಂದದ್ದು, ಬಲೆಯ ಕಣ್ಣಿಗೆ ತೂರಬಲ್ಲದ್ದು ಅದೊಂದೇ.

ಬಾಯಿ ಸುಮಾರು 6 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ಬಟ್ಟೆಯ ರಿಬ್ಬನ್ ತುಂಡೊಂದು, ಅದರ ತುದಿಗೆ ಸಿಂಹದ ಚಿತ್ರ. ಮೊದಲು ನೀವು ಕೈಹಾಕಿ, ಗೆಣ್ಣಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ‘ಅಯ್ಯೋ, ನನ್ನ ಕೈ ದೊಡ್ಡದು. ಯಾರ ಕೈ ನನ್ನ ಕೈಗಿಂತ ಚಿಕ್ಕದು?’ ಹದಿನೆಂಟು ಕೈ ಮೇಲೇಳುತ್ತವೆ. ಚಿಕ್ಕದು ಎಂದು ಹೇಳಿಕೊಳ್ಳಲು ಮಕ್ಕಳು ಪೈಪೋಟಿಗೆ ಬೀಳುವುದು ಇದೊಂದೇ ಆಟದಲ್ಲಿ. ಸರದಿ ತಪ್ಪದಂತೆ ಪ್ರತಿಯೊಬ್ಬರಿಗೂ ಒಂದೊಂದು ಅವಕಾಶ ಕೊಡಿ.

ಕೆಡುವುದು ಎಲ್ಲಿ ಎಂದರೆ, ಒಳಗೆ ಚೆಂಡನ್ನೋ ಲಿಂಬೆಹಣ್ಣನ್ನೋ ಇಟ್ಟಾಗ. ಬರಿಗೈ ಒಳಗೆ ಹೋಗುತ್ತದೆ, ಹಣ್ಣು ಹಿಡಿದ ಮುಷ್ಟಿ ಹೊರಗೆ ಬರುವುದಿಲ್ಲ, ಮಗು ಹಣ್ಣು ಬಿಡುವುದಿಲ್ಲ. ರಿಬ್ಬನ್ ಆದರೆ ಎರಡು ಬೆರಳಲ್ಲಿ ಬರುತ್ತದೆ. ಗಾಜು ಬೇಡ, ತಗಡಿನ ಡಬ್ಬದ ಒಳಮಡಿಕೆಯ ಅಂಚು ಕೈ ಹೊರಗೆಳೆಯುವಾಗ ಗೀರುತ್ತದೆ, ಅದೂ ಬೇಡ. ಬಳೆ ತೊಟ್ಟಿದ್ದರೆ ಮೊದಲೇ ತೆಗೆಸಿ.